ತೊಟ್ಟಿಲಮ್ಮನಿಗೆ ಇಲ್ಲ ಅಂದವಳು

ಬಟ್ಟೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ತೊಟ್ಟಿಲಮ್ಮನ ಮನೆ ಯಾವುದೆಂದು ಯಾರೂ ಕೇಳಿ ತಿಳಿಯಬೇಕಾಗಿಲ್ಲ. ಬೆಳಗಿನ ಸೈರನ್ ಕೂಗುವ ಹೊತ್ತಿಗೆ ಯಾವ ಬಾಗಿಲಿನಿಂದ ನಾಲ್ಕಾರು ಮಕ್ಕಳ ಅಳು ಒಟ್ಟಿಗೆ ಕೇಳಿಸುತ್ತದೋ ಅದೇ ಅವಳ ಮನೆ. ತಾಯಂದಿರು ಮಕ್ಕಳನ್ನು ಅವಳ ಕೈಗೆ ಕೊಟ್ಟು, ತಿರುಗಿ ನೋಡಿದರೆ ಕೆಟ್ಟೆವು ಎಂದುಕೊಂಡು, ಕಾರ್ಖಾನೆಯ ಗೇಟಿನತ್ತ ಓಡುತ್ತಾರೆ. ಅವರು ಮೆಷಿನ್ನಿನ ಮುಂದೆ ಕೂತು ಮೊದಲ ಕಾಲರು ಹೊಲಿಯುವಷ್ಟರಲ್ಲಿ ಇಲ್ಲಿ ಅಳು ನಿಂತಿರುತ್ತದೆ. ಅದು ಹೇಗೆ ಎಂದು ಕೇಳಿದರೆ ಅವಳು, "ನಾನೇನು ನಿಲ್ಲಿಸ್ತೀನಿ? ಅತ್ತೂ ಅತ್ತೂ ಅವಕ್ಕೇ ಬೇಜಾರಾಗತ್ತೆ" ಎನ್ನುತ್ತಾಳೆ. ಇದು ಶುದ್ಧ ಸುಳ್ಳು. ವರ್ಷಗಟ್ಟಲೆ ಮಕ್ಕಳನ್ನು ಹೊತ್ತು ಅವಳ ಸೊಂಟ ಎಡಕ್ಕೆ ವಾಲಿಕೊಂಡೇ ಬಿಟ್ಟಿದೆ.

ನಡುಮನೆಯಲ್ಲಿ ಕುರ್ಚಿಯಿಲ್ಲ, ಮೇಜಿಲ್ಲ. ಪುಟ್ಟ ತಲೆಗೆ ತಗಲುವಂಥ ಮೂಲೆಯಿರುವ ಯಾವ ವಸ್ತುವನ್ನೂ ಅವಳು ಒಳಗೆ ಬಿಟ್ಟುಕೊಂಡಿಲ್ಲ. ಗೋಡೆಗೆ ಸೊಂಟದೆತ್ತರದವರೆಗೆ ಎಣ್ಣೆಬಣ್ಣ ಬಳಿಸಿದ್ದಾಳೆ, ಬಿಸ್ಕತ್ತಿನ ಕೈಗುರುತು ಒದ್ದೆಬಟ್ಟೆಗೆ ಹೋಗಲಿ ಎಂದು. ಬಾಗಿಲಿಗೆ ಅಡ್ಡ ಮೊಣಕಾಲೆತ್ತರದ ಹಲಗೆ. ಕಬ್ಬಿಣದ ಪೈಪಿನ ಎರಡು ತೊಟ್ಟಿಲುಗಳಲ್ಲಿ ಒಂದರಲ್ಲಿ ಯಾವಾಗಲೂ ಮಗು, ಇನ್ನೊಂದರಲ್ಲಿ ಯಾವಾಗಲೂ ಒಗೆದ ಬಟ್ಟೆ. ಅವಸರದಲ್ಲಿ ಬಟ್ಟೆಯ ತೊಟ್ಟಿಲನ್ನೇ ತೂಗಿದ್ದೂ ಉಂಟು.

ಅವಳ ಬಗ್ಗೆ ಬೀದಿಯಲ್ಲಿ ಒಂದು ಮಾತಿದೆ: ತೊಟ್ಟಿಲಮ್ಮನಿಗೆ ಇಲ್ಲ ಅನ್ನುವ ನಾಲಿಗೆ ಇನ್ನೂ ಹುಟ್ಟಿಲ್ಲ. ಹೇಗೆ ಹುಟ್ಟೀತು? ಓವರ್‌ಟೈಮ್ ಇದ್ದ ದಿನ ಮರುಮಾತಿಲ್ಲದೆ ಮಕ್ಕಳನ್ನು ಇಟ್ಟುಕೊಂಡವಳು ಅವಳು. ತಾಯಿಗೆ ರಜೆ ಸಿಗದಿದ್ದಾಗ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವಳು ಅವಳು. ಹೀಗಾಗಿ ಅವಳು ಬಾಯಿ ತೆರೆದರೆ ಬೀದಿಯೆಲ್ಲ ಹೂಂಗುಡುತ್ತದೆ. ನಲ್ಲಿ ರಿಪೇರಿಯವನು ಊಟ ಬಿಟ್ಟು ಬರುತ್ತಾನೆ. ಅಂಗಡಿಯವನು ಎಳೆದ ಷಟರನ್ನು ಮತ್ತೆ ಎತ್ತುತ್ತಾನೆ. ಅವಳು ಕೇಳುವ ರೀತಿಯೂ ಹಾಗೇ. "ನಿಂಗೇನೂ ತೊಂದ್ರೆ ಇಲ್ಲ ಅಲ್ವಾ?" ಎಂದು ಉತ್ತರವನ್ನೂ ತಾನೇ ಕೊಟ್ಟು, ಹೂಂ ಅನ್ನುವ ಸಣ್ಣ ಕೆಲಸವನ್ನಷ್ಟೇ ಎದುರಿನವರಿಗೆ ಉಳಿಸುತ್ತಾಳೆ. 'ದಾಕ್ಷಿಣ್ಯಕ್ಕೆ ಬಸಿರಾದರೆ' ಎಂದು ಶುರುವಾಗುವ ಗಾದೆ ಆ ಬೀದಿಯ ಎಲ್ಲರಿಗೂ ಬಾಯಿಪಾಠ. ಆದರೆ ಹಲಗೆ ದಾಟಿ ಅವಳ ಮನೆಯೊಳಗೆ ಬಂದವರು ಯಾರೂ ಅದನ್ನು ಆಡುವುದಿಲ್ಲ.

ಯಾಕೆಂದರೆ ಒಳಗೆ ಸೊಸೆ ಇದ್ದಾಳೆ.

ಸೊಸೆ ಅದೇ ಕಾರ್ಖಾನೆಯಲ್ಲಿ ಕಾಜಾ ಮೆಷಿನ್ನಿನವಳು. ಅಂಗಿಗೆ ಗುಂಡಿ ತೂರಿಸುವ ಸೀಳುಗಳ ಅಂಚು ಹೊಲಿಯುವುದು ಅವಳ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಎರಡು ವರ್ಷದ ಹಿಂದೆ ಏಳು ತಿಂಗಳಿಗೇ ನೋವು ಬಂದು, ಹುಟ್ಟಿದ ಹೆಣ್ಣುಮಗು ಉಸಿರೇ ಎಳೆಯಲಿಲ್ಲ. ಲಾರಿ ಓಡಿಸುವ ಮಗ ಆವತ್ತು ಎಲ್ಲೋ ದೂರದ ಹೆದ್ದಾರಿಯಲ್ಲಿದ್ದ. ಆಸ್ಪತ್ರೆಯಲ್ಲಿ ಎಲ್ಲವನ್ನೂ ತೊಟ್ಟಿಲಮ್ಮನೇ ನಿಂತು ಮುಗಿಸಿದಳು. ಸೊಸೆಯ ಮೇಲೆ ಹುಲ್ಲುಕಡ್ಡಿಯ ಭಾರವೂ ಬೀಳದ ಹಾಗೆ ಮಾಡಿದೆ ಎಂಬುದು ಅವಳ ಸಮಾಧಾನ. ಅಂದಿನಿಂದ ಸೊಸೆಯ ಬಾಯಲ್ಲಿ ಉಳಿದದ್ದು "ಹೂಂ ಅತ್ತೆ", ಇಲ್ಲವೇ "ಆಯ್ತು ಅತ್ತೆ". ಹೋಗುವಾಗ ಬರುವಾಗ ಹಿತ್ತಿಲ ಬಾಗಿಲನ್ನೇ ಬಳಸುತ್ತಾಳೆ. ಮಕ್ಕಳಿರುವ ಹೊತ್ತಿನಲ್ಲಿ ನಡುಮನೆಗೆ ಕಾಲಿಡುವುದಿಲ್ಲ.

ಇವಳೊಮ್ಮೆ ಬಾಯಿಬಿಟ್ಟು ಅತ್ತುಬಿಟ್ಟರೆ ಸಾಕು ಎಂದು ತೊಟ್ಟಿಲಮ್ಮ ಕಾದಳು. ರಮಿಸಿ ನೋಡಿದಳು, ಗದರಿ ನೋಡಿದಳು. "ಬಿಡಮ್ಮ, ಅವಳ ಪಾಡಿಗೆ ಅವಳಿರಲಿ" ಎಂದು ಮಗ ಹೇಳಿ ಲಾರಿ ಹತ್ತಿದ. ಬೀದಿಯ ಮಕ್ಕಳ ಅಳು ನಿಲ್ಲಿಸುವ ಹೆಂಗಸಿಗೆ ಮನೆಯ ಸೊಸೆಯನ್ನು ಅಳಿಸುವುದು ಆಗಲಿಲ್ಲ. ಆ ಕೊರಗು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಅವಳನ್ನು ಎಲ್ಲ ಹೊತ್ತೂ ಚುಚ್ಚುತ್ತಿತ್ತು. ಅದಿಲ್ಲದಿದ್ದರೆ ಮುಂದಿನ ಯಾವ ರಾಮಾಯಣವೂ ನಡೆಯುತ್ತಿರಲಿಲ್ಲ.

ಪುಸ್ತಕದ ಮೇಡಂ ಬಂದದ್ದು ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮಲಗಿದ್ದಾಗ. ಹೊರದೇಶದ ಯಾವುದೋ ವಿಶ್ವವಿದ್ಯಾಲಯದವಳು. ನಮ್ಮ ಮಾತನ್ನು ಪೂರ್ತಿ ಪುಸ್ತಕದಿಂದ ಕಲಿತಿದ್ದಳು. ಬೀದಿಯವರು ಆ ಹೆಸರಿಟ್ಟದ್ದು ಅದಕ್ಕೇ. ಹಲಗೆಯ ಆಚೆ ನಿಂತು, "ಅಮ್ಮನವರೇ, ತಮ್ಮ ಗೃಹವನ್ನು ಪ್ರವೇಶಿಸಬಹುದೇ?" ಎಂದಳು.

"ಪ್ರವೇಶಿಸಿ, ಆದ್ರೆ ಮೆಲ್ಲಗೆ. ಮಕ್ಕಳು ಎದ್ರೆ ನೀವೇ ಮಲಗಿಸ್ಬೇಕು" ಎಂದಳು ತೊಟ್ಟಿಲಮ್ಮ.

ಬಂದ ವಿಷಯ ಇದು. ಹೊಟ್ಟೆಯಲ್ಲೇ, ಇಲ್ಲವೇ ಹುಟ್ಟಿದ ಕೂಡಲೇ ಮಗುವನ್ನು ಕಳೆದುಕೊಂಡು ಮತ್ತೆ ಮೆಷಿನ್ನಿನ ಮುಂದೆ ಬಂದು ಕೂರುವ ಹೆಂಗಸರು ಆ ಸಂಕಟವನ್ನು ಹೇಗೆ ಹೊತ್ತು ದುಡಿಯುತ್ತಾರೆ ಎಂದು ಮೇಡಂ ಸಂಶೋಧನೆ ಮಾಡುತ್ತಿದ್ದಳು. ತನ್ನ ದೇಶದಲ್ಲಿ ಕೇಳಿಯಾಗಿತ್ತು. ಈಗ ಇಲ್ಲಿ ಕೇಳಬೇಕಿತ್ತು. ಹೇಳುವವರ ಎದುರು ಕೂತು ಕೇಳಿಸಿಕೊಂಡು, ಒಪ್ಪಿದರೆ ಧ್ವನಿ ಮುದ್ರಿಸಿಕೊಳ್ಳುವುದು ಅವಳ ಕೆಲಸ. ಅದಕ್ಕೆ ಅವಳ ವಿಶ್ವವಿದ್ಯಾಲಯದ ಸಮಿತಿಯ ಕಟ್ಟುನಿಟ್ಟುಗಳಿದ್ದವು. ಯಾರನ್ನೂ ಒತ್ತಾಯಿಸುವಂತಿಲ್ಲ. ಬೇಡವೆಂದವರನ್ನು ಕಾರಣ ಕೇಳುವಂತಿಲ್ಲ. ನಡುವೆಯೇ ಎದ್ದು ಹೋಗಬಹುದು, ಹೇಳಿದ್ದನ್ನು ಅಳಿಸಿ ಎನ್ನಬಹುದು. ಹೆಸರು ಎಲ್ಲಿಯೂ ಬರಕೂಡದು.

"ಬೇಡ ಅನ್ನೋಕೆ ಇಷ್ಟೊಂದು ದಾರಿ ತೋರಿಸಿದ್ರೆ ಹೂಂ ಅನ್ನೋರು ಯಾರಮ್ಮ?" ಎಂದಳು ತೊಟ್ಟಿಲಮ್ಮ. ಆದರೆ ಅವಳ ಮನಸ್ಸು ಆಗಲೇ ಹಿತ್ತಿಲ ಬಾಗಿಲಿಗೆ ಹೋಗಿತ್ತು. ಮನೆಯವರ ಮುಂದೆ ಬಾಯಿ ಬಿಡದವಳು ಹೊರಗಿನವರ ಮುಂದೆ ಬಿಟ್ಟಾಳು. ಈ ಹೆಂಗಸಿನ ಕಣ್ಣುಗಳು ಒಳ್ಳೆಯವು. ಮಾತು ಮಾತ್ರ ಪಾಠದಂತೆ. ಭಾನುವಾರ ಮಕ್ಕಳಿರುವುದಿಲ್ಲ, ಹಿಂದಿನ ಕೋಣೆ ಖಾಲಿಯಿರುತ್ತದೆ, ಕೂತುಕೊಳ್ಳಿ. ಹೆಂಗಸರನ್ನು ನಾನು ಕರೆಸುತ್ತೇನೆ ಎಂದು ಒಪ್ಪಿಕೊಂಡಳು.

ಕರೆಸುವುದೇನು ಮಹಾ. ಸಂಜೆ ತಾಯಂದಿರು ಮಕ್ಕಳನ್ನು ಎತ್ತಿಕೊಳ್ಳಲು ಬಂದಾಗ ಹಲಗೆಯ ಈಚೆ ನಿಂತು ಒಬ್ಬೊಬ್ಬರಿಗೂ ಹೇಳಿದಳು. ಯಾರ ಮನೆಯಲ್ಲಿ ಯಾವ ಮಗು ಹೋಯಿತು ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. "ಭಾನುವಾರ ಬಂದು ನಿನ್ನ ವಿಷಯ ಆ ಮೇಡಂಗೆ ನಾಲ್ಕು ಮಾತು ಹೇಳಿ ಹೋಗು. ಏನೂ ತೊಂದ್ರೆ ಇಲ್ಲ ಅಲ್ವಾ?" ಒಬ್ಬೊಬ್ಬರೂ ಮಗುವನ್ನು ಅವಳ ಸೊಂಟದಿಂದ ತಮ್ಮ ಸೊಂಟಕ್ಕೆ ಬದಲಾಯಿಸಿಕೊಳ್ಳುತ್ತ, "ಇಲ್ಲ ತೊಟ್ಟಿಲಮ್ಮ, ಏನು ತೊಂದ್ರೆ, ಬರ್ತೀನಿ" ಎಂದರು. ಸೊಸೆಗೆ ಅಡುಗೆಮನೆಯಲ್ಲಿ ಹೇಳಿದಳು. "ಎಲ್ಲರದೂ ಆದ್ಮೇಲೆ ಕಡೇಲಿ ನೀನು ಕೂತ್ಕೊ. ಮನಸ್ಸು ಹಗುರಾಗತ್ತೆ." ಸೊಸೆ ತೊಳೆಯುತ್ತಿದ್ದ ಪಾತ್ರೆಯಿಂದ ಕಣ್ಣೆತ್ತದೆ "ಆಯ್ತು ಅತ್ತೆ" ಎಂದಳು.

ಭಾನುವಾರ ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು. ತೊಟ್ಟಿಲಮ್ಮ ಕೋಣೆಯ ಬಾಗಿಲ ಪಕ್ಕ ಗೋಡೆಗೊರಗಿ ಕೂತು, ಒಳಗೆ ಹೋಗುವವರಿಗೊಂದು ಲೋಟ, ಹೊರಗೆ ಬಂದವರಿಗೊಂದು ಲೋಟ ಚಹಾ ಕೊಡುತ್ತಿದ್ದಳು. ಬಾಗಿಲು ಹಾಕಲು ಮೇಡಂ ಎರಡು ಸಲ ಎದ್ದಳು. ಇಸ್ತ್ರಿಯವಳು ಎರಡು ಸಲವೂ ತೆಗೆದಳು. ಹಾಡಹಗಲೇ ಬಾಗಿಲು ಹಾಕಿಕೊಂಡು ಮಾತಾಡಿದರೆ ಅಕ್ಕಪಕ್ಕದವರು ಏನೆಂದುಕೊಂಡಾರು ಎಂದು ಅವಳ ಚಿಂತೆ. ಈ ಇಸ್ತ್ರಿಯವಳು ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳಿಗೆ ಇಸ್ತ್ರಿ ಹಾಕುವವಳು. ಸದ್ಯದ ಮಗುವಿಗೆ ಮುಂಚೆ ಒಂದನ್ನು ಕಳೆದುಕೊಂಡವಳು.

ಮೇಡಂ ತನ್ನ ಪಾಠವನ್ನು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದಳು. ತಮಗೆ ಸಂಪೂರ್ಣ ಸ್ವಾತಂತ್ರ್ಯವಿದೆ, ತಾವು ಇಚ್ಛಿಸಿದಲ್ಲಿ ಮಾತ್ರ, ಎನ್ನುವಷ್ಟರಲ್ಲೇ ಅವರು "ಹೂಂ" ಎಂದುಬಿಡುತ್ತಿದ್ದರು. ಹೂಂ ಎನ್ನುವಾಗ ಎಲ್ಲರ ಕಣ್ಣೂ ತೆರೆದ ಬಾಗಿಲಿನತ್ತ ಹೋಗುತ್ತಿತ್ತು. ಇಸ್ತ್ರಿಯವಳು ತನ್ನ ಸರದಿ ಬಂದಾಗ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಮಗುವಿಗೆ ಹೊಲಿದಿಟ್ಟಿದ್ದ ಟೋಪಿಯ ವಿಷಯ ಬಂದಾಗ ಮಾತು ನಿಲ್ಲಿಸಿದಳು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮಾಡಿ, ತಗ್ಗಿದ ದನಿಯಲ್ಲಿ, "ಇನ್ನೂ ಎಷ್ಟು ಹೇಳಿದ್ರೆ ತೊಟ್ಟಿಲಮ್ಮನಿಗೆ ಸಾಕಾಗತ್ತೆ ಮೇಡಂ?" ಎಂದು ಕೇಳಿದಳು.

ಮೇಡಂ ಧ್ವನಿ ಮುದ್ರಿಸುವ ಯಂತ್ರವನ್ನು ಆರಿಸಿಬಿಟ್ಟಳು. ಇಸ್ತ್ರಿಯವಳ ಕೈ ಹಿಡಿದು ಸಾಕೆಂದು ಹೇಳಿ ಕಳಿಸಿ, ಹೊರಗೆ ಬಂದು ತೊಟ್ಟಿಲಮ್ಮನ ಎದುರು ನೆಲದ ಮೇಲೇ ಕೂತಳು. ಇನ್ನೂ ಸರದಿಗೆ ಕಾಯುತ್ತಿದ್ದವರು ಕೇಳಿಸಿಕೊಳ್ಳದವರಂತೆ ಬೀದಿಗಿಳಿದರು.

"ಅಮ್ಮನವರೇ, ತಮಗೆ ಯಾರಾದರೂ ಬೇಡವೆಂದರೇ?"

"ನಂಗೆ ಯಾರು ಬೇಡ ಅಂತಾರೆ?"

"ಒಬ್ಬರೂ ಇಲ್ಲವೇ?"

"ಒಬ್ಬರೂ ಇಲ್ಲ" ಎಂದಳು ತೊಟ್ಟಿಲಮ್ಮ, ಬಹುಮಾನ ಬಂದವಳಂತೆ. "ಬೇಕಾದ್ರೆ ಮುಂದಿನ ಬೀದಿಯೋರನ್ನೂ ಕರೆಸ್ತೀನಿ."

"ಹಾಗಾದರೆ ಇವರು ಹೇಳಿದ ಒಂದು ಮಾತನ್ನೂ ನಾನು ಬಳಸುವಂತಿಲ್ಲ" ಎಂದಳು ಮೇಡಂ. "ತಪ್ಪು ನನ್ನದು. ಸುಲಭವೆಂದು ನಾನು ತಮ್ಮ ಬಾಗಿಲಿನಿಂದ ಬಂದೆ. ಬರಬಾರದಾಗಿತ್ತು."

"ನನ್ನ ಬಾಗಿಲಿಗೇನಾಗಿದೆ?"

"ಅವರ ಮಕ್ಕಳು ತಮ್ಮ ಕೈಯಲ್ಲಿದ್ದಾರೆ. ತಮಗೆ ಬೇಡವೆನ್ನುವುದು ಅವರಿಗೆ ಹೇಗೆ ಸಾಧ್ಯ?"

ತೊಟ್ಟಿಲಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. "ಬೇಡ ಅಂದ್ರೆ ನಾನು ಮಗೂನ ಬೀದಿಗೆ ಬಿಡ್ತೀನಾ? ಇಷ್ಟು ವರ್ಷದಲ್ಲಿ ಯಾರನ್ನಾದ್ರೂ ಬಿಟ್ಟಿದೀನಾ?"

"ತಾವು ಬಿಡುವುದಿಲ್ಲ. ಅದು ತಮಗೆ ಗೊತ್ತು. ಅವರಿಗೆ ಗೊತ್ತೇ?"

"ನೀವು ಇವತ್ತಿದ್ದು ನಾಳೆ ಹೋಗೋರು" ಎಂದಳು ತೊಟ್ಟಿಲಮ್ಮ. ದನಿ ಏರಲಿಲ್ಲ, ಗಟ್ಟಿಯಾಯಿತು. "ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡೇ ಬದುಕೋರು. ದಾಕ್ಷಿಣ್ಯ ಅನ್ನೋದು ಇಲ್ದೇ ಹೋಗಿದ್ರೆ ಈ ಬೀದೀಲಿ ಒಂದು ಮಗೂನೂ ದೊಡ್ಡದಾಗ್ತಿರಲಿಲ್ಲ. ನಿಮ್ಮ ಕಡೆ ಸೊಸೆ ಅತ್ತೆಗೆ ಇಲ್ಲ ಅಂತಾಳಾ?"

"ಅನ್ನುತ್ತಾಳೆ. ಅನಂತರ ಇಬ್ಬರೂ ಒಂದು ವರ್ಷ ಭೇಟಿಯಾಗುವುದಿಲ್ಲ" ಎಂದಳು ಮೇಡಂ, ಸ್ವಲ್ಪವೂ ನಗದೆ. ಆ ಸಿಟ್ಟಿನಲ್ಲೂ ತೊಟ್ಟಿಲಮ್ಮನಿಗೆ ನಗು ಬಂದುಬಿಟ್ಟಿತು. "ನಮ್ಮ ರೀತಿಯೇ ಮೇಲೆಂದು ನಾನು ಹೇಳುತ್ತಿಲ್ಲ, ಅಮ್ಮನವರೇ. ಆದರೆ ಇದು ನೋವಿನ ವಿಷಯ. ಯಾರೂ ತಮ್ಮ ನೋವನ್ನು ಇನ್ನೊಬ್ಬರಿಗೋಸ್ಕರ ಹೇಳುವಂತಾಗಬಾರದು."

ಹಿತ್ತಿಲ ಬಾಗಿಲಲ್ಲಿ ಸೊಸೆ ನಿಂತಿದ್ದಳು, ತನ್ನ ಸರದಿಗಾಗಿ. ಅವಳೂ ತಲೆ ಬಾಚಿಕೊಂಡಿದ್ದಳು. ಇನ್ನು ಇವತ್ತು ಯಾರೂ ಹೇಳಬೇಕಾಗಿಲ್ಲ ಎಂದು ಗೊತ್ತಾದ ಮೇಲೆ ಒಳಗೆ ಹೋಗಿ ಅಕ್ಕಿ ತೊಳೆಯಲು ಕೂತಳು.

ಎರಡು ದಿನ ತೊಟ್ಟಿಲಮ್ಮ ಮೇಡಂ ಮೇಲೆ ಹಲ್ಲು ಕಡಿದಳು. ಮೂರನೆಯ ದಿನ ಮಕ್ಕಳಿಗೆ ಗಂಜಿ ಕುಡಿಸುತ್ತ, ತೆರೆದ ಬಾಗಿಲಿನಿಂದ ಕೇಳಿಸಿದ್ದ ಇಸ್ತ್ರಿಯವಳ ಮಾತು ನೆನಪಾಯಿತು. ಆ ಹುಡುಗಿ ಟೋಪಿಯ ಮಾತನ್ನು ತನ್ನ ಹತ್ತಿರವೂ ಯಾವತ್ತೂ ಆಡಿರಲಿಲ್ಲ. ಅಂಥದ್ದನ್ನು ಹೊರಗೆಳೆದದ್ದು ತನ್ನ ಒಂದು ಲೋಟ ಚಹಾ. ಗಂಜಿಯ ಚಮಚ ಮಗುವಿನ ಬಾಯಿಗೆ ಹೋಗುವ ಬದಲು ಮೂಗಿಗೆ ಹೋಯಿತು. ಸರಿ, ಕರೆದವಳು ನಾನು, ಬೇಡ ಎನ್ನುವವಳೂ ನಾನೇ ಆಗುತ್ತೇನೆ ಎಂದು ತೀರ್ಮಾನಿಸಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸಂಜೆ ಹಲಗೆಯ ಬಳಿ ನಿಂತು, "ಇನ್ಮೇಲೆ ಆ ಮೇಡಂ ಹತ್ರ ಹೋಗ್ಬೇಕಾಗಿಲ್ಲ, ನನ್ನ ಮುಖ ನೋಡಿ ಯಾರೂ ಹೋಗ್ಬೇಡಿ" ಎಂದಳು. ಬಂದವರ ಮುಖ ಸಪ್ಪಗಾಯಿತು. ತೊಟ್ಟಿಲಮ್ಮನಿಗೆ ಬೇಜಾರಾಗಿದೆ ಎಂಬುದೊಂದೇ ಅವರಿಗೆ ತಿಳಿದದ್ದು. "ಅವತ್ತು ನಾನು ಸರಿಯಾಗಿ ಹೇಳ್ಲಿಲ್ವಾ?" ಎಂದು ಒಬ್ಬಳು ಕೇಳಿದಳು. "ಬೇಕಾದ್ರೆ ಇನ್ನೊಂದ್ಸಲ ಬಂದು ಪೂರ್ತಿ ಹೇಳ್ತೀನಿ" ಎಂದಳು ಇನ್ನೊಬ್ಬಳು. ಬೇಡ ಕಣಮ್ಮ, ನಿಜವಾಗಿ ಬೇಡ ಎಂದಷ್ಟೂ ಅವರು ಬರುತ್ತೇವೆ ಎಂದು ಗಟ್ಟಿಯಾದರು. ಮಾರನೆಯ ದಿನ, ಆ ಸಂಶೋಧನೆಗೆ ಸಂಬಂಧವೇ ಇಲ್ಲದ ಇಬ್ಬರು ಬಂದು ತಮ್ಮ ಹೆಸರನ್ನೂ ಸೇರಿಸಿಕೊಳ್ಳಿ ಎಂದರು. ಬಿಸಿತುಪ್ಪ ಈಗ ತೊಟ್ಟಿಲಮ್ಮನ ಬಾಯಲ್ಲಿತ್ತು.

ಒಬ್ಬರು ತನಗೆ ಎಲ್ಲರೆದುರು ಇಲ್ಲ ಅನ್ನಬೇಕು, ಅಂದವರಿಗೆ ಏನೂ ಆಗದ್ದನ್ನು ಬೀದಿ ಕಣ್ಣಾರೆ ನೋಡಬೇಕು; ಆಗ ಮಾತ್ರ ಇವರು ನಂಬುತ್ತಾರೆ ಎಂದು ಅವಳಿಗೆ ಹೊಳೆಯಿತು. ಆದರೆ ಹಾಗನ್ನುವ ಗಂಡೆದೆ ಯಾರಿಗಿದೆ? ಕೊನೆಗೆ ಸೊಸೆಯ ಹತ್ತಿರವೇ ಹೋದಳು.

"ನಾಳೆ ಸಂಜೆ ನೀನು ಮುಂದಿನ ಬಾಗಿಲಿಂದ ಬಾ. ಎಲ್ಲರೆದುರು ನಾನು ಕೇಳ್ತೀನಿ. ನೀನು ಇಲ್ಲ ಅನ್ನು. ಸುಮ್ನೆ ನಾಟಕಕ್ಕೆ. ಆಗತ್ತೆ ಅಲ್ವಾ?"

"ಆಯ್ತು ಅತ್ತೆ" ಎಂದಳು ಸೊಸೆ.

ಇಲ್ಲ ಅನ್ನು ಎಂದು ಕೇಳಿದ್ದಕ್ಕೂ ಸಿಕ್ಕಿದ್ದು ಇನ್ನೊಂದು ಹೂಂ. ಅದು ತೊಟ್ಟಿಲಮ್ಮನ ತಲೆಗೆ ಹೋಗಲಿಲ್ಲ.

ಮರುದಿನ ಸಂಜೆ ಕಾರ್ಖಾನೆ ಬಿಟ್ಟಿತು. ಹಲಗೆಯ ಆಚೆ ತಾಯಂದಿರು ಗುಂಪಾಗಿ ನಿಂತು ತಂತಮ್ಮ ಮಕ್ಕಳ ಚಪ್ಪಲಿ ಹುಡುಕುತ್ತಿದ್ದರು. ಸೊಸೆ ಅವರ ಹಿಂದಿನಿಂದ ಬಂದಳು. ಅವಳು ಮುಂದಿನ ಬಾಗಿಲಿಗೆ ಬಂದದ್ದನ್ನು ನೋಡಿ ಎಲ್ಲರೂ ದಾರಿಬಿಟ್ಟರು. ಅವಳ ಬಟ್ಟೆಯ ತುಂಬ ಕಾಜಾ ಮೆ‍ಷಿನ್ನಿನ ನೂಲಿನ ಚೂರುಗಳು ಅಂಟಿದ್ದವು. ತೊಟ್ಟಿಲಮ್ಮ ಇಸ್ತ್ರಿಯವಳ ಮಗುವನ್ನು ಸೊಂಟದಲ್ಲಿಟ್ಟುಕೊಂಡು, ನಾಲ್ಕು ಮನೆಗೆ ಕೇಳುವಂತೆ, "ಬಂದ್ಯಾ? ಆ ಮೇಡಂ ಹತ್ರ ಹೋಗಿ ನಿನ್ನ ವಿಷಯ ಹೇಳ್ತೀಯ ಅಲ್ವಾ?" ಎಂದಳು.

"ಇಲ್ಲ" ಎಂದಳು ಸೊಸೆ.

ಚಪ್ಪಲಿ ಹುಡುಕುವ ಕೈಗಳು ನಿಂತವು. ತೊಟ್ಟಿಲಮ್ಮ ತನ್ನ ಪಾಲಿನ ಮಾತನ್ನು ಚೆನ್ನಾಗಿಯೇ ಆಡಿದಳು. "ಹಾಗೋ, ಬೇಡ ಬಿಡು. ನಿನ್ನಿಷ್ಟ. ಅದಕ್ಕೇನಂತೆ." ನಾಟಕ ಅಲ್ಲಿಗೆ ಮುಗಿಯಬೇಕಿತ್ತು. ಸೊಸೆ ಹಲಗೆ ದಾಟಿ ಒಳಗೆ ಬರಬೇಕಿತ್ತು. ಅವಳು ನಿಂತ ಜಾಗದಿಂದ ಕದಲಲಿಲ್ಲ.

"ಇಲ್ಲ ಅತ್ತೆ" ಎಂದಳು ಮತ್ತೆ. ಈ ಸಲದ ದನಿಯನ್ನು ಅಲ್ಲಿದ್ದವರು ಯಾರೂ ಹಿಂದೆ ಕೇಳಿರಲಿಲ್ಲ. "ನಾನು ಹೇಳಲ್ಲ. ಅವರ ಹತ್ರಾನೂ ಹೇಳಲ್ಲ, ನಿಮ್ಮ ಹತ್ರಾನೂ ಹೇಳಲ್ಲ. ಅವತ್ತು ಆಸ್ಪತ್ರೇಲಿ ನೀವು ಬಂದು ಕೇಳಿದ್ರಿ, ಮಗು ಮುಖ ನೋಡೋದು ಬೇಡ ಅಲ್ವಾ ಅಂತ. ನಾನು ಹೂಂ ಅಂದೆ. ನಂಗೆ ನೋಡಬೇಕಿತ್ತು ಅತ್ತೆ."

ಇಷ್ಟು ಹೇಳಿ ಅವಳು ಬಂದ ದಾರಿಯಲ್ಲೇ ತಿರುಗಿ, ಮನೆಯನ್ನು ಸುತ್ತಿ, ಹಿತ್ತಿಲ ಬಾಗಿಲಿನಿಂದ ಒಳಗೆ ಹೋದಳು. ಅಳಲಿಲ್ಲ. ಪಾತ್ರೆಯ ಸದ್ದು ಎಂದಿನಂತೆ ಕೇಳಿಬಂತು.

ತೊಟ್ಟಿಲಮ್ಮ ಹಲಗೆಯ ಮೇಲೆ ಕೂತಳು. ನೋಡಿದರೆ ಕಣ್ಣಿಗೆ ಕಟ್ಟಿಕೊಳ್ಳುತ್ತದೆ, ಜೀವನಪೂರ್ತಿ ಕಾಡುತ್ತದೆ, ಅದಕ್ಕಿಂತ ನೋಡದಿರುವುದೇ ಮೇಲು ಎಂದು ಅವಳು ಆವತ್ತು ಅಂದುಕೊಂಡಿದ್ದಳು. ಪ್ರೀತಿಯಿಂದಲೇ ಅಂದುಕೊಂಡಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆ ಪ್ರೀತಿಯಲ್ಲಿ ಸೊಸೆಯ ಪಾಲಿನದನ್ನೂ ತಾನೇ ನೋಡಿ ಮುಗಿಸಿದ್ದಳು. ನರ್ಸು ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ಎತ್ತಿಕೊಂಡವಳು ಲೋಕದಲ್ಲಿ ಅವಳೊಬ್ಬಳೇ. ಇಸ್ತ್ರಿಯವಳು ಬಂದು ತನ್ನ ಮಗುವನ್ನು ಅವಳ ತೊಡೆಯಿಂದ ಎತ್ತಿಕೊಂಡು, ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತಿದ್ದು ಹೋದಳು.

ಮಾರನೆಯ ಬೆಳಗ್ಗೆ ಸೈರನ್ ಕೂಗಿತು, ಮಕ್ಕಳು ಅತ್ತವು, ತೊಟ್ಟಿಲಮ್ಮ ಎತ್ತಿಕೊಂಡಳು. ಇಸ್ತ್ರಿಯವಳು ಮಗುವನ್ನು ಕೊಡುವ ಮೊದಲು ಒಂದು ಕ್ಷಣ ತಡೆದು, "ನಾನಿನ್ನು ಆ ಮೇಡಂ ಹತ್ರ ಹೋಗಲ್ಲ ತೊಟ್ಟಿಲಮ್ಮ. ಅವತ್ತು ಹೇಳಿದ್ದನ್ನೂ ಅಳಿಸಿಬಿಡಿ ಅಂತ ಹೇಳ್ತೀನಿ" ಎಂದಳು.

"ಹೇಳು" ಎಂದಳು ತೊಟ್ಟಿಲಮ್ಮ. ಮಗುವನ್ನು ಸೊಂಟಕ್ಕೇರಿಸಿಕೊಂಡು, "ಇದಕ್ಕೆ ರಾತ್ರಿ ಕೆಮ್ಮಿತ್ತಾ?" ಎಂದು ಕೇಳಿದಳು. ಹಿಂದೆ ನಿಂತಿದ್ದವರು ಅದನ್ನು ನೋಡಿದರು.

ಪುಸ್ತಕದ ಮೇಡಂ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡಿದಳು. ಗ್ರಂಥಾಲಯದ ಮಹಡಿಯಲ್ಲಿ, ಯಾರು ಬೇಕಾದರೂ ಯಾವ ಕಾರಣಕ್ಕಾದರೂ ಹತ್ತಿ ಹೋಗಬಹುದಾದ ಜಾಗದಲ್ಲಿ, ಒಂದು ಮೂಲೆ ಹಿಡಿದಳು. ಮನಸ್ಸಿದ್ದವರು ಬರಲಿ ಎಂದು ಕಾದಳು. ಹೊರಡುವ ಮುನ್ನ ತೊಟ್ಟಿಲಮ್ಮನಿಗೆ ಹೇಳಿಹೋಗಲು ಬಂದಾಗ, ಯಾರು ಬಂದಿದ್ದರೆಂದು ಅವಳು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಹಾಗಾಗಿ ಅದನ್ನು ಇಲ್ಲಿ ಬರೆಯುವಂತೆಯೂ ಇಲ್ಲ. "ತಮ್ಮ ಬೀದಿಯಿಂದ ನಾನು ಬಹಳ ಕಲಿತೆ" ಎಂದಳು ಮೇಡಂ. "ನಮ್ಮ ಮಾತೊಂದು ಬಿಟ್ಟು" ಎಂದಳು ತೊಟ್ಟಿಲಮ್ಮ, ಮತ್ತು ಇಬ್ಬರೂ ನಕ್ಕರು.

ಇತ್ತ, ನಾಟಕ ನಡೆದ ಆ ಸಂಜೆಯೇ, ಬೀದಿ ಖಾಲಿಯಾದ ಮೇಲೆ, ತೊಟ್ಟಿಲಮ್ಮ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಿದ್ದಳು. "ನಾನು ನೋಡಿದೀನಿ ಕಣೆ" ಎಂದಿದ್ದಳು. "ಹೇಗಿತ್ತು ಅಂತ ಹೇಳ್ಲಾ?"

ಸೊಸೆ ಒಲೆಯ ಕಡೆಗೇ ಮುಖ ಮಾಡಿದ್ದಳು. "ಇವತ್ತು ಬೇಡ" ಎಂದಳು.

"ಆಯ್ತು" ಎಂದಳು ತೊಟ್ಟಿಲಮ್ಮ.

ಅದಾದ ಮೇಲೆ ಅವಳು ಮಾಡಿದ್ದು ಅವಳ ಜೀವನದಲ್ಲೇ ಕಷ್ಟದ ಕೆಲಸ: ಮತ್ತೆ ಕೇಳದೆ ಇದ್ದಳು. ಎಷ್ಟೋ ಸಲ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದಳು. ಮಗ ಬಂದು, ಇದೇನಮ್ಮ ಇಷ್ಟು ಸುಮ್ಮನಿದ್ದೀಯ, ಹುಷಾರಿಲ್ಲವಾ ಎಂದು ಹಣೆ ಮುಟ್ಟಿ ನೋಡಿದ. ಸೊಸೆ ಎಂದಿನಂತೆ ಹಿತ್ತಿಲಿನಿಂದಲೇ ಹೋಗಿ ಬರುತ್ತಿದ್ದಳು. ಬದಲಾವಣೆಯೆಂದರೆ, ಒಂದೊಂದು ಮಾತಿಗೆ "ನಂಗೆ ಬೇಡ ಅತ್ತೆ" ಎನ್ನುತ್ತಿದ್ದಳು. ಇನ್ನೊಂದು ತುತ್ತು ಬೇಡ, ಆ ಬಣ್ಣದ ಬಟ್ಟೆ ಬೇಡ. ಪ್ರತಿ ಸಲವೂ ತೊಟ್ಟಿಲಮ್ಮನಿಗೆ ಚುರುಕ್ಕೆನ್ನುತ್ತಿತ್ತು, ಪ್ರತಿ ಸಲವೂ ಆಯ್ತು ಎನ್ನುತ್ತಿದ್ದಳು.

ಕರೆಂಟು ಹೋಗಿ ಕಾರ್ಖಾನೆ ಅರ್ಧ ದಿನಕ್ಕೇ ಬಿಟ್ಟ ಒಂದು ಮಧ್ಯಾಹ್ನ ಸೊಸೆ ಬೇಗ ಮನೆಗೆ ಬಂದಳು. ಹೆಚ್ಚಿನ ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೋಗಿಯಾಗಿತ್ತು. ಒಂದೇ ಒಂದು ಹಸುಗೂಸು ಉಳಿದಿತ್ತು. ತೊಟ್ಟಿಲಮ್ಮ ಅದಕ್ಕೆ ಸ್ನಾನ ಮಾಡಿಸಿ, ಕಾಲು ಚಾಚಿ ಕೂತು, ಮಡಿಲಲ್ಲಿ ಹಾಕಿಕೊಂಡು ತಲೆ ಒರೆಸುತ್ತಿದ್ದಳು. ಸೊಸೆ ಮುಂದಿನ ಬಾಗಿಲಲ್ಲಿ ನಿಂತಳು. ಆಮೇಲೆ ಹಲಗೆ ದಾಟಿ ಒಳಗೆ ಬಂದು, ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು.

"ಕೂದಲಿತ್ತಾ ಅತ್ತೆ?"

ತೊಟ್ಟಿಲಮ್ಮನ ಕೈ ನಿಂತಿತು. "ಇತ್ತು. ಕಪ್ಪಗೆ, ದಟ್ಟವಾಗಿ. ಹಣೆಗೆ ಅಂಟ್ಕೊಂಡಿತ್ತು." ಇನ್ನೂ ಬೇಕಾದಷ್ಟು ಬಾಯಿಗೆ ಬಂದಿತ್ತು, ಎರಡು ವರ್ಷ ಅವಳೊಬ್ಬಳೇ ಇಟ್ಟುಕೊಂಡದ್ದು. ಅವಳು ತುಟಿ ಕಚ್ಚಿಕೊಂಡಳು. "ಇನ್ನೂ ಹೇಳ್ಲಾ?"

"ಹೇಳಿ."

"ಮೂಗು ಅಪ್ಪನದು, ಸ್ವಲ್ಪ ದಪ್ಪ. ಬೆರಳು ಉದ್ದ. ಒಂದು ಕೈ ಮುಷ್ಟಿ ಕಟ್ಟಿತ್ತು, ನಾನು ಬಿಡಿಸೋಕೆ ಹೋಗಲಿಲ್ಲ."

"ಹುಬ್ಬು?"

"ನಿನ್ನದೇ" ಎಂದಳು ತೊಟ್ಟಿಲಮ್ಮ. "ತದ್ರೂಪ ನಿನ್ನದೇ ಕಣಮ್ಮ." ಅಷ್ಟು ಹೇಳುವಷ್ಟರಲ್ಲಿ ಅವಳ ದನಿ ಒಡೆಯಿತು. ಸೊಸೆ ಅಳಲಿ ಎಂದು ಎರಡು ವರ್ಷ ಕಾದವಳು ತಾನೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಟವೆಲು ಕೈಯಿಂದ ಜಾರಿತು. ಒದ್ದೆತಲೆಯ ಮಗು ಚಳಿಗೆ ಕುಂಯ್‌ಗುಟ್ಟಿತು.

ಸೊಸೆ ಮುಂದಕ್ಕೆ ಬಾಗಿ ಮಗುವನ್ನು ಅತ್ತೆಯ ಮಡಿಲಿನಿಂದ ಎತ್ತಿ ತನ್ನ ತೊಡೆಯ ಮೇಲೆ ಹಾಕಿಕೊಂಡಳು. ಬಿದ್ದಿದ್ದ ಟವೆಲನ್ನು ತೆಗೆದುಕೊಂಡು, ಅರ್ಧ ಒರೆಸಿ ಬಿಟ್ಟಿದ್ದ ತಲೆಯನ್ನು ಮೆಲ್ಲಗೆ, ಒಂದು ಕೂದಲೂ ಒದ್ದೆಯಿರದಂತೆ ಒರೆಸಿದಳು.